ಎರೆ ಅಂಗಳಕ್ಕೆ ಕರಿಕೆ ಹಚ್ಚಿದ್ದು

ಮಳೆಗಾಲ ಬಂತೆಂದರೆ ನಮ್ಮ ಸೀಮೆಯ ಜನರೆಲ್ಲ ಎರಡು ಮೂರು ಅಂಗುಲ ಎತ್ತರವಾಗುತ್ತಾರೆ. ಇದು ಪೌಷ್ಟಿಕ ಆಹಾರದ ಫಲವಲ್ಲ, ಯೋಗಾಸನದ ಮಹಿಮೆಯೂ ಅಲ್ಲ, ನಮ್ಮ ಕಪ್ಪು ಎರೆಮಣ್ಣಿನ ಕೃಪೆ. ಸಿಂದಗಿಯ ಹೊರಬದಿಯಲ್ಲಿರುವ ನಮ್ಮ ಹೊಸ ಬಡಾವಣೆಯ ಮನೆಯಿಂದ ಸಾಮಾನ್ಯ ಕುಳ್ಳನಾಗಿ ಹೊರಟ ನಾನು ಡಾಂಬರು ರಸ್ತೆಯನ್ನು ಮುಟ್ಟುವಷ್ಟರಲ್ಲಿ, ಹೆಜ್ಜೆಗೊಂದು ಪದರದಂತೆ ಚಪ್ಪಲಿಯ ಅಡಿಗೆ ಮಣ್ಣು ಮೆತ್ತಿಕೊಂಡು, ತಕ್ಕಮಟ್ಟಿಗೆ ಭವ್ಯವಾದ ವ್ಯಕ್ತಿಯಾಗಿರುತ್ತೇನೆ. ಆಮೇಲೆ ಡಾಂಬರಿನ ಅಂಚಿಗೆ ಕಾಲು ತಿಕ್ಕಿ ತಿಕ್ಕಿ ಸ್ವಸ್ವರೂಪಕ್ಕೆ ಇಳಿಯಬೇಕು. ಆ ಕೆಲಸಕ್ಕೆ ಹಿಡಿಯುವಷ್ಟು ಹೊತ್ತು ಪೇಟೆಯ ಕೆಲಸಕ್ಕೂ ಹಿಡಿಯುವುದಿಲ್ಲ.

ಈ ಮಣ್ಣಿನ ಬಗ್ಗೆ ಮಾತಾಡುವ ಅಧಿಕಾರ ನನಗಿದೆ ಎಂದು ನಾನು ಬಹುಕಾಲ ನಂಬಿದ್ದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕಡೆಗೆ ಸಿಂದಗಿ ಎಂದು ವರ್ಗಾವಣೆಯ ಬಂಡಿಯಲ್ಲಿ ಕೂತು ಸೇವೆಯ ಆಯುಷ್ಯವನ್ನೆಲ್ಲ ಕಳೆದ ಭೂಗೋಳದ ಮಾಸ್ತರ ನಾನು. ‘ಕಪ್ಪು ಮಣ್ಣು ತೇವಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ, ಹತ್ತಿ ಮತ್ತು ಜೋಳಕ್ಕೆ ಯೋಗ್ಯ’ ಎಂಬ ಮೂರು ಮಂತ್ರಗಳನ್ನು ಎಷ್ಟು ಮಕ್ಕಳ ಬಾಯಲ್ಲಿ ಪಠಣ ಮಾಡಿಸಿದ್ದೇನೋ ಲೆಕ್ಕವಿಲ್ಲ. ಮುದ್ದೇಬಿಹಾಳದಲ್ಲಿ ಒಬ್ಬ ಹುಡುಗಿ ಪರೀಕ್ಷೆಯಲ್ಲಿ ಕಪ್ಪು ಮಣ್ಣಿನ ಮುಖ್ಯ ಲಕ್ಷಣವನ್ನು ‘ಅದು ಚಪ್ಪಲಿಯನ್ನು ಬಿಡುವುದಿಲ್ಲ’ ಎಂದು ಬರೆದಿದ್ದಳು. ಪುಸ್ತಕದಲ್ಲಿಲ್ಲದ ಉತ್ತರವೆಂದು ಸೊನ್ನೆ ಕೊಟ್ಟೆ. ಆಕೆ ಈಗ ಎಲ್ಲಿದ್ದಾಳೋ, ಸಿಕ್ಕರೆ ಪೂರ್ತಿ ಅಂಕ ಕೊಟ್ಟು ಕ್ಷಮೆ ಕೇಳುವವನಿದ್ದೇನೆ. ಏಕೆಂದರೆ ಅವಳು ಆ ಮಣ್ಣಿನಲ್ಲಿ ನಡೆದಿದ್ದಳು, ನಾನು ಅದನ್ನು ನಕಾಶೆಯಲ್ಲಿ ಕಪ್ಪು ಬಣ್ಣ ಹಚ್ಚಿ ತೋರಿಸಿದ್ದೆ ಅಷ್ಟೆ. ನಮ್ಮದು ಅರಿವೆ ಅಂಗಡಿಯ ಮನೆತನ. ನಮ್ಮ ಹಿರಿಯರು ಮುಟ್ಟಿದ ಹತ್ತಿಯೆಲ್ಲ ಥಾನುಗಳ ರೂಪದಲ್ಲಿತ್ತು.

ಬಸವನ ಬಾಗೇವಾಡಿಯಲ್ಲಿದ್ದಾಗ ಒಮ್ಮೆ ಈ ಮಣ್ಣು ನನಗೆ ಪಾಠ ಹೇಳಲು ಪ್ರಯತ್ನಿಸಿದ್ದುಂಟು. ಹಳ್ಳಿಯೊಂದಕ್ಕೆ ಅಡ್ಡದಾರಿಯಲ್ಲಿ ಸ್ಕೂಟರ್ ಹತ್ತಿ ಹೊರಟಿದ್ದೆ, ಒಂದು ಸಣ್ಣ ಮಳೆ ಬಂತು, ಅಷ್ಟೆ. ಗಾಲಿಗೂ ಅದರ ಮೇಲಿನ ತಗಡಿಗೂ ನಡುವೆ ಮಣ್ಣು ತುಂಬಿಕೊಂಡು ಗಾಲಿಗಳು ಸತ್ಯಾಗ್ರಹ ಹೂಡಿದವು. ಕಡ್ಡಿಯಿಂದ ಕೆರೆದು ತೆಗೆಯುವುದು, ಹತ್ತು ಮಾರು ಹೋಗುವುದು, ಮತ್ತೆ ಕೆರೆಯುವುದು. ಎದುರು ಬಂದ ರೈತನೊಬ್ಬ ನಿಂತು ನೋಡಿ, “ಸರ, ಗಾಡಿ ನಿಮ್ಮನ್ನ ಹೊತ್ಕೊಂಡ ಬಂತೋ, ನೀವ ಗಾಡೀನ ಹೊತ್ಕೊಂಡ ಬಂದ್ರೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ಆ ದಿನ ಮಣ್ಣನ್ನು ಬಾಯಿಗೆ ಬಂದಂತೆ ಬೈದೆ, ಕಲಿತದ್ದೇನೂ ಇಲ್ಲ.

ಇಂಥವನು ನಿವೃತ್ತಿಯ ನಂತರ ಮನೆಯ ಮುಂದಿನ ಎರೆ ಅಂಗಳದಲ್ಲಿ ಹುಲ್ಲುಹಾಸು ಬೆಳೆಸಲು ಹೊರಟದ್ದೇಕೆ ಎಂದು ನೀವು ಕೇಳಬಹುದು. ಓಣಿಯವರೂ ಕೇಳಿದರು. ಆಕಳಿಲ್ಲದ ಮನೆಯಲ್ಲಿ ಹುಲ್ಲು ಬೆಳೆಸುವುದು ನಮ್ಮ ಕಡೆಯವರಿಗೆ ಮದುವೆಯಿಲ್ಲದೆ ಹಂದರ ಹಾಕಿದಷ್ಟೇ ವಿಚಿತ್ರ. ಕಾರಣ ನನ್ನ ಹೆಂಡತಿ ಕಸ್ತೂರಿಯ ಮೊಣಕಾಲು. ದೀಪಾವಳಿಯ ನಂತರ ವಿಜಯಪುರದಲ್ಲಿ ಅವಳ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಚೆನ್ನಾಗಿಯೇ ಆಯಿತು. ಆದರೆ ಸಂಕ್ರಮಣ ಕಳೆದು ಕೆಲವು ದಿನಗಳಿಗೆ, ಕೋಲು ಹಿಡಿದು ಬಡಾವಣೆಯ ಕಚ್ಚಾ ರಸ್ತೆಯಲ್ಲಿ ನಡೆಯಲು ಹೋದವಳು, ಮಳೆಗಾಲದಲ್ಲಿ ಟ್ರ್ಯಾಕ್ಟರ್ ಕೊರೆದು ಚಳಿಗಾಲದಲ್ಲಿ ಕಬ್ಬಿಣದಂತೆ ಗಟ್ಟಿಯಾಗಿದ್ದ ಗಾಲಿಜಾಡಿನಲ್ಲಿ ಕಾಲು ಸಿಕ್ಕಿಸಿಕೊಂಡು ಬಿದ್ದಳು. ಎಲುಬು ಮುರಿಯಲಿಲ್ಲ, ಶಸ್ತ್ರಚಿಕಿತ್ಸೆಯಾದ ಮೊಣಕಾಲಿಗೂ ಏನೂ ಆಗಲಿಲ್ಲ, ಧೈರ್ಯ ಮಾತ್ರ ಹೋಯಿತು. ಅಂದಿನಿಂದ ಅವಳ ಪ್ರಪಂಚ ಮಂಚದಿಂದ ಅಡಿಗೆಮನೆ, ಅಡಿಗೆಮನೆಯಿಂದ ಮಂಚ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಹಿಂಗ ಕುಂತ್ರ ಕಾಲಿನ ಶಕ್ತಿ ಹೋಗಿಬಿಡ್ತೈತ್ರಿ. ಆಮ್ಯಾಲ ನಾವು ಮಾಡಿದ್ದೆಲ್ಲಾ ನೀರಾಗ ಹೋಮ ಮಾಡಿದಂಗ,” ಎಂದರು. ಬೀಳುವ ಭಯವಿಲ್ಲದ, ಮೆತ್ತಗಿನ, ಸಮತಟ್ಟಾದ ನೆಲ ಬೇಕಿತ್ತು. ಅದು ನಮ್ಮ ಬಡಾವಣೆಯಲ್ಲಿ ಎಲ್ಲಿಯೂ ಇರಲಿಲ್ಲ, ಆದ್ದರಿಂದ ಮಾಡಿಯೇಬಿಡುವುದೆಂದು ನಾನು ಪಣತೊಟ್ಟೆ.

ಪಣ ತೊಡುವುದರಲ್ಲಿ ನಾನು ಮೊದಲಿನಿಂದಲೂ ನಿಸ್ಸೀಮ. ಪುಸ್ತಕದ ತರ್ಕ ಹೀಗಿತ್ತು: ಎರೆಮಣ್ಣಿನ ಕಣಗಳು ಅತಿ ಸೂಕ್ಷ್ಮ, ಅದಕ್ಕೇ ಗಟ್ಟಿ; ಉಸುಕಿನ ಕಣಗಳು ದೊಡ್ಡವು, ಅದಕ್ಕೇ ಸಡಿಲ; ಎರಡನ್ನೂ ಬೆರೆಸಿದರೆ ಮಧ್ಯಮ ಮಾರ್ಗ. ಒಂದು ಟ್ರ್ಯಾಲಿ ಉಸುಕು ತರಿಸಿದೆ. ಅಂಗಳಕ್ಕೆ ಧಾರಾಳವಾಗಿ ನೀರು ಬಿಟ್ಟು, ಉಸುಕು ಚೆಲ್ಲಿ, ಇಬ್ಬರು ಕೂಲಿಯವರಿಂದ ತುಳಿಸಿ, ಮೇಲೆ ಸಮತಟ್ಟಾಗಲೆಂದು ಕಲ್ಲಿನ ರೂಲು ಉರುಳಿಸಿದೆ. ಬಳಿಕ ನರ್ಸರಿಯಿಂದ ಚಾಪೆಯಂತೆ ಸುತ್ತಿದ ಹುಲ್ಲು ಟೆಂಪೊದಲ್ಲಿ ಬಂತು, ಹಾಸಿದ್ದಾಯಿತು. ಒಂದೇ ದಿನದಲ್ಲಿ ನಂದನವನ! ಫೋಟೊ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದೆ. ಮೆಚ್ಚುಗೆಗಳ ಸುರಿಮಳೆಯಲ್ಲಿ ತೊಯ್ದು, ನಿವೃತ್ತಿಯ ನಂತರ ಭೂಗೋಳಶಾಸ್ತ್ರವು ಹೀಗೆ ಫಲಕೊಡುತ್ತಿದೆಯಲ್ಲ ಎಂದು ಬೀಗಿದೆ.

ಹತ್ತು ದಿನಕ್ಕೆ ಹುಲ್ಲು ಹಳದಿಯಾಯಿತು. ನೀರು ಹಾಕಿದರೆ ಕೆಳಗಿಳಿಯದೆ ತಟ್ಟೆಯಲ್ಲಿನ ಸಾರಿನಂತೆ ಮೇಲೆಯೇ ನಿಂತಿತು, ಬೇರು ಕೊಳೆಯಿತು. ಕೊಳೆಯುತ್ತಿದೆಯೆಂದು ನೀರು ನಿಲ್ಲಿಸಿದರೆ ಬಿಸಿಲಿಗೆ ನೆಲ ಬಿರಿಯಿತು, ಬಿರುಕು ಹುಲ್ಲಿನ ಚಾಪೆಯನ್ನೇ ಹರಿದು ಬಾಯ್ತೆರೆಯಿತು. ಉಸುಕು ಬೆರೆತ ಎರೆಮಣ್ಣು ಎಷ್ಟು ಗಟ್ಟಿಯಾಗಿತ್ತೆಂದರೆ ಮೊಳೆ ಹೊಡೆದರೆ ಮೊಳೆ ಬಗ್ಗುತ್ತಿತ್ತು. “ಛಲೋ ಆತು, ಅಂಗಳಕ್ಕ ಗಚ್ಚು ಹಾಕಿಸಿದಂಗಾತು,” ಎಂದಳು ಕಸ್ತೂರಿ. ಮಣ್ಣೇ ಸರಿಯಿಲ್ಲ, ಈ ಜಾಗವೇ ಸರಿಯಿಲ್ಲ ಎಂದು ನಾನು ಗೊಣಗಿದಾಗ, “ಕುಣೀಲಾರದಾಕಿ ನೆಲಾ ಡೊಂಕ ಅಂದಿದ್ಲಂತ,” ಎಂದೂ ಸೇರಿಸಿದಳು. ಅವಳು ಮುಳವಾಡದ ಒಕ್ಕಲುತನದ ಮನೆಯ ಮಗಳು. ಉಸುಕು ಹಾಕಬಾರದೆಂದು ಅವಳಿಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದರೆ, “ನೀವು ಕೇಳಿದ್ರೇನು?” ಎಂದಳು.

ನಗೆಯೆಲ್ಲ ಯುಗಾದಿಯ ಮುಂಜಾನೆಗೆ ಮುಗಿಯಿತು. ಹಬ್ಬದ ದಿನ, ನನ್ನ ಒತ್ತಾಯಕ್ಕೆ ಅವಳು ಕಟ್ಟೆಯಿಂದ ಕೆಳಗಿಳಿದಳು. ಎರಡನೆಯ ಹೆಜ್ಜೆಗೆ ಕೋಲಿನ ತುದಿ ಬಿರುಕಿನೊಳಗೆ ಗೇಣುದ್ದ ಇಳಿದುಹೋಯಿತು. ವಾಲಿದಳು. ಕಟ್ಟೆಯ ಅಂಚು ಕೈಗೆ ಸಿಕ್ಕಿತು, ಬೀಳಲಿಲ್ಲ. ಆದರೆ ಅಲ್ಲೇ ಕುಸಿದು ಕುಳಿತು, ಮುಖ ಬಿಳಿಚಿಕೊಂಡು, “ಇನ್ನ ಮ್ಯಾಲ ನನಗ ಕೆಳಗ ಇಳೀ ಅನಬ್ಯಾಡ್ರಿ,” ಎಂದಳು. ಅವಳು ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಕೈಮುಗಿಯುವಂತೆ ಹೇಳಿದಳು. ಅವಳನ್ನು ನಡೆಸಲೆಂದು ಹೊರಟವನು ಅವಳ ಉಳಿದ ಧೈರ್ಯವನ್ನೂ ನಾನೇ ತೆಗೆದಿದ್ದೆ.

ಆಗ ಒಳಗಿನಿಂದ ಬಂದವಳು ಬೌರವ್ವ. ಇವಳು ನಮ್ಮ ಮನೆಗೆ ದಿನಾ ಬೆಳಗ್ಗೆ ರೊಟ್ಟಿ ಬಡಿಯಲು ಬರುವವಳು. ನನಗಿಂತ ಎರಡು ವರ್ಷ ಹಿರಿಯಳೋ ಕಿರಿಯಳೋ, ಅದು ಅವಳಿಗೂ ಗೊತ್ತಿಲ್ಲ. ದೇವರ ಹಿಪ್ಪರಗಿಯ ದಾರಿಯಲ್ಲಿ ಎರಡೆಕರೆ ಹೊಲವಿದೆ. ಬೆಳಗ್ಗೆ ನಾಲ್ಕು ಮನೆಯ ರೊಟ್ಟಿ ಮುಗಿಸಿ ಹೊಲಕ್ಕೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಂಗಳಕ್ಕಿಳಿದು, ಬಿರುಕಿನ ಅಂಚಿನಿಂದ ಒಂದು ಚೂರು ಮುರಿದು, ಮೂಸಿ, ನನ್ನ ಕಡೆ ನೋಡಿದಳು. ಇಷ್ಟು ದಿನ ನನ್ನ ಕೃಷಿಕಾರ್ಯದ ಬಗ್ಗೆ ಚಕಾರವೆತ್ತದಿದ್ದವಳು ಅಂದು ಬಾಯಿ ಬಿಟ್ಟಳು.

“ಸರ, ನಾದೋದು ಹಿಟ್ಟು. ಮಣ್ಣ ಯಾರರೆ ನಾದತಾರೇನ್ರಿ? ಹಸೀ ಇದ್ದಾಗ ತುಳಿಸಿದ್ರಿ, ಮ್ಯಾಲ ರೂಲು ಹೊಡಿಸಿದ್ರಿ. ಎರಿಮಣ್ಣ ಭಾಳ ಹಠಮಾರಿ ಐತ್ರಿ. ಬಡದ್ರ ಕಲ್ಲಾಗ್ತೈತಿ, ನಾದಿದ್ರ ಇನ್ನಾ ಕಲ್ಲಾಗ್ತೈತಿ. ಅಗದು ಬಿಸಲಿಗಿ ಬಿಡ್ರಿ. ಮಳಿ ಬಂದ ದಿನ ತಾನ ಪುಡಿ ಆಗ್ತೈತಿ.”

“ಮಳಿ ಬರಾಕ ಇನ್ನೂ ಎರಡ ತಿಂಗಳು ಐತಿ ಬೌರವ್ವ. ಡಾಕ್ಟರು ಅಷ್ಟು ದಿನ ತಡಕೋತಾರೇನು?” ಎಂದು ನಾನು ಸಿಡುಕಿದೆ.

“ಡಾಕ್ಟರ್ ಹೊಲಾ ಮಾಡ್ಯಾರೇನ್ರಿ? ಅಕ್ಕಾರ ಕಾಲೂ ನೆಲಾನೂ ಎರಡೂ ನನಗ ಬಿಡ್ರಿ. ನೀವು ಸುಮ್ನ ಕುಂದರ್ರಿ,” ಎಂದಳು.

ಸುಮ್ಮನೆ ಕೂಡುವ ಕೆಲಸವನ್ನು ಜೀವನದಲ್ಲಿ ಯಾರೂ ನನಗೆ ವಹಿಸಿರಲಿಲ್ಲ. ಮಕ್ಕಳಿಗೆ ನಾನೇ ಅದನ್ನು ಮೂವತ್ತು ವರ್ಷ ಹೇಳುತ್ತ ಬಂದವನು. ಆದರೂ ಕೂತೆ. ಪೂರ್ತಿ ಕೂತೆನೆಂದರೆ ಸುಳ್ಳಾಗುತ್ತದೆ. ಮೊದಲ ವಾರ ಬೌರವ್ವ ಮತ್ತು ಒಬ್ಬ ಕೂಲಿಯಾಳಿನ ಜೊತೆ ನಾನೂ ಪಿಕಾಸಿ ಹಿಡಿದು ಉಸುಕಿನ ಗಚ್ಚನ್ನು ಒಡೆದು ಹೊರಹಾಕಿದೆ, ಅದರ ಕೆಳಗಿನ ಶುದ್ಧ ಎರೆಯನ್ನು ಕುಂಬಳಕಾಯಿ ಗಾತ್ರದ ಹೆಂಟೆಗಳಾಗಿ ಎಬ್ಬಿಸಿದೆ. ನನ್ನ ಎರಡೂ ಅಂಗೈ ಬೊಬ್ಬೆ ಎದ್ದವು. ಓಣಿಯ ಹಿರಿಯರೊಬ್ಬರು ಗೇಟಿಗೆ ಬಂದು, “ಏನ್ ಸರ, ಬಾಂವಿ ತೋಡಾಕತ್ತೀರೇನು?” ಎಂದು ವಿಚಾರಿಸಿದರು. ಹುಲ್ಲುಹಾಸು ಎಂದೆ. ಅವರು ಹೆಂಟೆಗಳನ್ನೂ ನನ್ನನ್ನೂ ಒಮ್ಮೆ ನೋಡಿ, ದೇವರ ಹೆಸರು ಹೇಳುತ್ತ ಮುಂದೆ ಹೋದರು.

ಆ ಹೆಂಟೆಗಳು ವೈಶಾಖದ ಬಿಸಿಲಿನಲ್ಲಿ ಕಾಯುತ್ತ ಬಿದ್ದಿದ್ದ ದಿನಗಳಲ್ಲಿಯೇ ನನಗೆ ಈ ಮಣ್ಣಿನ ಮೇಲೆ ನಿಜವಾದ ಗೌರವ ಹುಟ್ಟಿತು. ಮಾಡಲು ಬೇರೆ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದೆನಲ್ಲ, ನೋಡುತ್ತ ನೋಡುತ್ತ ಅದು ಕಾಣತೊಡಗಿತು. ಬಿರುಕು ಬಿಡುವುದು ದೋಷವೆಂದು ನಾನು ಬಗೆದಿದ್ದೆ. ಬಿರುಕಿನ ಅಂಚಿನ ಪುಡಿಮಣ್ಣು ಗಾಳಿಗೆ ಸಡಿಲಾಗಿ ಬಿರುಕಿನೊಳಗೇ ಬೀಳುತ್ತದೆ. ಮಳೆಗೆ ನೆಲ ಉಬ್ಬಿದಾಗ ಒಳಗಿನದು ಮೇಲೆ ಬರುತ್ತದೆ. ಹೀಗೆ ಯಾರ ನೇಗಿಲಿಗೂ ಕಾಯದೆ ಈ ಭೂಮಿ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಜಿಪುಣನ ಹಾಗೆ ಒಡಲಲ್ಲಿಟ್ಟುಕೊಂಡು, ಆಕಾಶದಲ್ಲಿ ಒಂದು ಮೋಡವೂ ಇಲ್ಲದ ಚಳಿಗಾಲದಲ್ಲಿ ಬಿಳಿಜೋಳಕ್ಕೆ ಹನಿಹನಿಯಾಗಿ ಕೊಡುತ್ತದೆ. ನಾನು ಉಣ್ಣುವ ರೊಟ್ಟಿ ಇಷ್ಟು ವರ್ಷ ಆ ಔದಾರ್ಯದಿಂದ ಬಂದದ್ದು. ಇಂಡಿಯಲ್ಲಿದ್ದಾಗ ಲಚ್ಯಾಣದ ಕಡೆಯ ನಿಂಬೆ ತೋಟದವರೊಬ್ಬರು, ಗಿಡದ ಬುಡದ ಮಣ್ಣನ್ನು ಬೆರಳ ತುದಿಯಿಂದ ಒತ್ತಿ ನೋಡಿಯೇ ನೀರು ಬೇಕೋ ಬೇಡವೋ ಹೇಳುತ್ತಿದ್ದುದು ನೆನಪಾಯಿತು. ಆಗ ಅದನ್ನು ನಾನು ಹಳ್ಳಿಯ ಜಂಬವೆಂದು ತಿಳಿದಿದ್ದೆ. ಛೇ, ಎಂಥ ಮಾಸ್ತರಿಕೆ ಮಾಡಿದೆ ನಾನು!

ಗೌರವ ಹುಟ್ಟಿದ ಮಾತ್ರಕ್ಕೆ ತಾಳ್ಮೆ ಹುಟ್ಟುವುದಿಲ್ಲ. ಒಂದು ಮುಂಜಾನೆ, ಯಾರೂ ಎದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೆಂಟೆಗಳಿಗೆ ಸ್ವಲ್ಪ ನೀರು ತೋರಿಸಿದರೆ ಬೇಗ ಕರಗಿಯಾವು ಎಂದು ಪೈಪು ಹಿಡಿದೆ. ಕಿಟಕಿಯಿಂದ ಧ್ವನಿ ಬಂತು: “ರೀ, ಬೌರವ್ವಗ ಹೇಳಲೇನು?” ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ವಿದ್ಯಾರ್ಥಿಯ ಮುಖ ಹೇಗಿರುತ್ತದೆಂದು ನಾನು ಬಹಳ ಸಲ ನೋಡಿದ್ದೆ. ಒಳಗಿನಿಂದ ಹೇಗಿರುತ್ತದೆಂದು ಅಂದು ತಿಳಿಯಿತು.

ಇಷ್ಟರಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಕಣ್ಣೆದುರೇ ನಡೆಯುತ್ತಿದ್ದರೂ ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ. ಬೌರವ್ವ ದಿನಾ ರೊಟ್ಟಿ ಮುಗಿಸಿ ಹೋಗುವ ಮುನ್ನ ಕಸ್ತೂರಿಯನ್ನು ಕಟ್ಟೆಗೆ ಕರೆಯುತ್ತಿದ್ದಳು. “ಅಕ್ಕಾರ, ನನ್ನ ಹಿಮ್ಮಡಿ ಸೀಳಿ ದಡ್ಡಾಗೈತ್ರಿ, ನೆಲದ ಹದ ತಿಳಿವಲ್ದು. ನೀವು ಒಕ್ಕಲತಾನದ ಮನ್ಯಾಗ ಹುಟ್ಟಿದಾರು, ನಿಮ್ಮ ಕಾಲಿಗಿ ತಿಳೀತೈತಿ. ಒಂದ ಹಿಮ್ಮಡಿ ಇಟ್ಟ ಹೇಳ್ರಿ.” ಕಸ್ತೂರಿ ಮೊದಲ ದಿನ ಕಡೆಯ ಮೆಟ್ಟಿಲ ಮೇಲೆ ಕೂತೇ ಒಂದು ಬರಿಗಾಲನ್ನು ಕೆಳಗೆ ಚಾಚಿ, ಹೆಂಟೆಯ ಮೇಲೆ ಹಿಮ್ಮಡಿ ಒತ್ತಿ, “ಇನ್ನಾ ಕಲ್ಲ ಐತವ್ವ,” ಎಂದಳು. ಮರುದಿನ ಎರಡೂ ಕಾಲು. ವಾರ ಬಿಟ್ಟು ನಿಂತು ನೋಡಿದಳು, ಬೌರವ್ವನ ಹೆಗಲು ಹಿಡಿದು. ನನಗೋ, ಇಬ್ಬರು ಹೆಂಗಸರು ಮಣ್ಣಿನ ಬಗ್ಗೆ ಹರಟುತ್ತಿದ್ದಾರೆಂದಷ್ಟೇ ಕಂಡಿತು. ನಾನಾಗ ಮಣ್ಣು ಪರೀಕ್ಷೆಗೆ ಕಳಿಸಿ, ಅದರಲ್ಲಿ ಕ್ಷಾರ ಹೆಚ್ಚಿದೆಯೆಂಬ ವರದಿ ತರಿಸಿ, ಜಿಪ್ಸಮ್ ಹಾಕಬೇಕೆಂಬ ಸಲಹೆಯನ್ನು ಬೌರವ್ವನಿಗೆ ಗಂಭೀರವಾಗಿ ಓದಿ ಹೇಳುವುದರಲ್ಲಿ ಮಗ್ನನಾಗಿದ್ದೆ. ಆಕೆ ಪೂರ್ತಿ ಕೇಳಿ, “ಹಾಕ್ರಿ ಸರ, ನೀವೂ ಏನರೆ ಹಾಕಬೇಕಲ್ಲ,” ಎಂದಳು. ಹಾಕಿದೆ. ಉಪಯೋಗವಾಯಿತೆಂದು ಆಮೇಲೆ ಅವಳೇ ಒಪ್ಪಿದಳು ಎಂಬುದನ್ನು ಇಲ್ಲಿ ಹೇಳದಿದ್ದರೆ ನನ್ನ ಮನಸ್ಸು ಕೇಳುವುದಿಲ್ಲ.

ರೋಹಿಣಿ ಮಳೆ ಬಂದ ದಿನವನ್ನು ನಾನು ಮರೆಯಲಾರೆ. ಎರಡು ತಾಸಿನ ಮಳೆ. ನಾನು ಪಿಕಾಸಿಯಲ್ಲಿ ಬಡಿದರೂ ಕಿಡಿ ಹಾರಿಸಿದ್ದ ಆ ಹೆಂಟೆಗಳು, ಒಂದೊಂದೂ ಉಸಿರು ಬಿಟ್ಟಂತೆ ಸಣ್ಣಗೆ ಸದ್ದು ಮಾಡುತ್ತ, ತಾವಾಗಿಯೇ ಬಿರಿದು, ಜೋಳದ ನುಚ್ಚಿನ ಹಾಗೆ ಉದುರಿ ಬಿದ್ದವು. ಕಸ್ತೂರಿ ಬಾಗಿಲಲ್ಲಿ ನಿಂತು, “ನೋಡ್ರಿ, ನೋಡ್ರಿ, ಹ್ಯಾಂಗ ಅರಳಾಕತ್ತೈತಿ,” ಎಂದು ಮಗುವಿನಂತೆ ಕೂಗಿದಳು. ಅವಳ ಧ್ವನಿಯಲ್ಲಿ ಆ ಉತ್ಸಾಹ ಕೇಳಿ ಎಷ್ಟೋ ತಿಂಗಳಾಗಿತ್ತು.

ಮಳೆ ನಿಂತ ಮರುದಿನವೇ ನಾನು ಸಲಿಕೆ ಹಿಡಿದು ಗೊಬ್ಬರ ಬೆರೆಸಲು ಇಳಿದೆ. ಅವಸರ ನನ್ನ ಜನ್ಮಸಿದ್ಧ ಹಕ್ಕು. ಬೌರವ್ವ ಓಡಿಬಂದು ಸಲಿಕೆಯನ್ನು ಕಸಿದುಕೊಂಡಳು. ಒಂದು ಹಿಡಿ ಮಣ್ಣೆತ್ತಿ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹಿಚುಕಿ, ಎಳೆದು, ತಿದ್ದಿ, ರೊಟ್ಟಿ ಬಡಿಯುವಷ್ಟೇ ಚಕಚಕನೆ ಒಂದು ಎತ್ತು ಮಾಡಿದಳು. ಕೋಡು, ಹೆಗಲ ಮೇಲಿನ ಇಣಿ, ಬಾಲ ಎಲ್ಲ ಇದ್ದ ಎತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಯಲ್ಲಿ ಎರೆಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಹಬ್ಬಕ್ಕೆ ಇನ್ನೂ ದಿನಗಳಿದ್ದವು. ಆ ಎತ್ತನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದಳು: “ಎತ್ತಾಗೋ ಮಣ್ಣು ಹೊಲಕ್ಕ ಆಗಂಗಿಲ್ರಿ ಸರ. ಎತ್ತ ಮಾಡಾಕ ಬರಬಾರದು, ಅಷ್ಟ ಆರಬೇಕು. ಆಗ ಸಲಿಕಿ ಹಿಡೀರಿ.”

ಮೂವತ್ತು ವರ್ಷ ಮಣ್ಣಿನ ಪಾಠ ಹೇಳಿದವನಿಗೆ ಇಷ್ಟು ಸ್ಪಷ್ಟವಾಗಿ ಯಾರೂ ಪಾಠ ಹೇಳಿರಲಿಲ್ಲ. ಜೇಡಿಮಣ್ಣು ಹಸಿಯಿದ್ದಾಗ ಮುಟ್ಟಿದರೆ ಅದರೊಳಗಿನ ಗಾಳಿಯ ದಾರಿಗಳು ಮುಚ್ಚಿಹೋಗುತ್ತವೆ ಎಂದು ನಾನು ಒಂದು ತಾಸು ವಿವರಿಸಬಲ್ಲೆ, ಕೇಳಿದವರು ಆಕಳಿಸುತ್ತಾರೆ. ಅವಳು ಒಂದು ಎತ್ತು ಮಾಡಿ ಮುಗಿಸಿದಳು. ಆಮೇಲೆ ದಿನವೂ ಪರೀಕ್ಷೆ ನಡೆಯಿತು. ಕಸ್ತೂರಿ ಹಿಮ್ಮಡಿ ಇಟ್ಟು ಹದ ಹೇಳುವಳು, ಬೌರವ್ವ ಮಣ್ಣಿನ ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡುವಳು. ಮೊದಲ ದಿನಗಳಲ್ಲಿ ಅದು ಧೊಪ್ಪೆಂದು ಬಿದ್ದು ಹಾಗೇ ಕೂತಿತು. ಆರನೆಯ ದಿನವೋ ಏಳನೆಯದೋ, ನೆಲಕ್ಕೆ ತಾಗಿದ ಉಂಡೆ ಒಡೆದು ಚದುರಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅಂದು ಕೊಳೆತ ತಿಪ್ಪೆಗೊಬ್ಬರ, ಶೇಂಗಾ ಸಿಪ್ಪೆ, ಉದುರಿದ ತೊಗರಿ ಎಲೆ ಎಲ್ಲ ಸುರಿದು, ನಾದದೆ, ತುಳಿಯದೆ, ಮೇಲ್ಮೇಲೆ ಸಡಿಲವಾಗಿ ಬೆರೆಸಿದೆವು. ನೀರು ನಿಲ್ಲದ ಹಾಗೆ ಗೇಟಿನ ಕಡೆಗೆ ನೆಲವನ್ನು ಸ್ವಲ್ಪ ಇಳಿಜಾರು ಮಾಡಿದೆವು.

ಇನ್ನು ಹುಲ್ಲಿನ ಪ್ರಶ್ನೆ. ನರ್ಸರಿಯ ಹುಲ್ಲನ್ನು ನಾನು ಮತ್ತೆ ತರುವುದಿಲ್ಲವೆಂದೂ, ಈ ಮಣ್ಣಿಗೆ ಒಗ್ಗಿದ ಕರಿಕೆಯೇ ಬೇಕೆಂದೂ ಹೇಳಿದಾಗ ಬೌರವ್ವ ಮೊಟ್ಟಮೊದಲ ಬಾರಿ ದಿಗಿಲುಗೊಂಡಳು. ಗಣಪತಿಗೆ ಏರಿಸುವ ಪವಿತ್ರ ಹುಲ್ಲೇನೋ ಹೌದು, ಆದರೆ ಎರೆಹೊಲದ ರೈತನಿಗೆ ಅದಕ್ಕಿಂತ ದೊಡ್ಡ ವೈರಿಯಿಲ್ಲ. ದಂಟಿನ ಒಂದು ಗಣ್ಣು ಉಳಿದರೆ ಹೊಲ ಪೂರ್ತಿ ನುಂಗುತ್ತದೆ. “ಏನಂತೀರಿ ಸರ! ಹುಟ್ಟಿದಾಗಿಂದ ಕರಿಕಿ ಕಿತ್ತು ಕಿತ್ತು ಬೆನ್ನ ಬಗ್ಗೈತಿ ನಂದು. ಈ ಕೈಲೆ ಕರಿಕಿ ಹಚ್ಚಂತೀರಿ? ಮಂದಿ ನೋಡಿದ್ರ ಬೌರವ್ವಗ ಹುಚ್ಚ ಹಿಡದೈತಿ ಅಂತಾರ.” ಎರಡು ದಿನ ಆ ಮಾತೆತ್ತಲಿಲ್ಲ. ಮೂರನೆಯ ದಿನ ಬೆಳಗ್ಗೆ ತಲೆಯ ಮೇಲೆ ಒಂದು ಚೀಲ ಹೊತ್ತು ಬಂದಳು. ತನ್ನ ಹೊಲದ ಬದುವಿನಿಂದ ಕಿತ್ತ ಕರಿಕೆ. “ಅಕ್ಕಾರು ನಡೀಲಿ ಅಂತ ತಂದೇನಿ,” ಎಂದಷ್ಟೇ ಹೇಳಿ ಚೀಲ ಇಳಿಸಿದಳು. ಮಣ್ಣಿನಲ್ಲಿ ಊರಿ ಹಚ್ಚುವಾಗ ಪ್ರತಿ ಗಣ್ಣಿಗೂ ತಾಕೀತು ಮಾಡುತ್ತಿದ್ದಳು: “ಇಲ್ಲೇ ಇರು ನಮ್ಮವ್ವ, ನನ್ನ ಹೊಲದ ಕಡೆ ತಿರುಗಿ ನೋಡಬ್ಯಾಡ.”

ಗಣ್ಣು ಹಚ್ಚಿದ ಮೇಲೆ ಬುಡವನ್ನು ಕಾಲಿನಿಂದ ಮೆತ್ತಗೆ ಒತ್ತಬೇಕು. ಸಾಲು ಸಾಲಾಗಿ ಹಚ್ಚುತ್ತ ಹೋದ ಬೌರವ್ವ ಹಿಂತಿರುಗಿ ನೋಡದೆ, “ಅಕ್ಕಾರ, ಹಿಂದಿಂದ ನೀವು ಒತ್ತಗೊಂತ ಬರ್ರಿ,” ಎಂದಳು. ಕಸ್ತೂರಿ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ತೋಳು ಹಿಡಿದು, ಹಿಮ್ಮಡಿ ಇಡುತ್ತ ಇಡುತ್ತ, ಸಾಲಿನ ಈ ತುದಿಯಿಂದ ಆ ತುದಿಗೆ ಹೋದಳು. ಮತ್ತೆ ಆ ತುದಿಯಿಂದ ಈ ತುದಿಗೆ. ಅಂದು ಹನ್ನೊಂದು ಸಾಲು. ಕಟ್ಟೆಗೆ ಬಂದು ಕೂತು ಬೆವರೊರೆಸಿಕೊಳ್ಳುತ್ತಿದ್ದ ಅವಳನ್ನು ನೋಡಿದಾಗ ನನ್ನ ದಪ್ಪ ತಲೆಗೆ ಹೊಳೆಯಿತು: ಇವಳು ನಡೆದಳಲ್ಲ! ಯುಗಾದಿಯ ದಿನ ಕೈಮುಗಿಯುವಂತೆ ಬೇಡವೆಂದಿದ್ದವಳು ಇಷ್ಟು ತಿಂಗಳು ಒಂದೊಂದೇ ಹಿಮ್ಮಡಿಯಂತೆ ಅಂಗಳದ ಉದ್ದಗಲವನ್ನೆಲ್ಲ ನಡೆದಿದ್ದಾಳಲ್ಲ!

ಆ ಸಂಜೆ ಕಸ್ತೂರಿಗೆ ಹೇಳಿದೆ, ಬೌರವ್ವನ ಹಿಮ್ಮಡಿಗೆ ಏನೂ ಆಗಿಲ್ಲ, ಎಲ್ಲ ಅವಳ ಉಪಾಯ ಎಂದು. ದೊಡ್ಡ ರಹಸ್ಯ ಭೇದಿಸಿದ ಗತ್ತಿನಲ್ಲಿಯೇ ಹೇಳಿದೆ. ಅವಳು ನಕ್ಕಳು. “ನನಗ ಮೊದಲನೇ ದಿನಾನ ತಿಳಿದಿತ್ತು.”

“ಮತ್ತ ಯಾಕ ಇಳದಿ?”

“ನಾಕ ಮನಿ ರೊಟ್ಟಿ ಬಡದು, ಹೊಲಕ್ಕ ಹೋಗೋ ಹೊತ್ತಾದ್ರೂ ದಿನಾ ನಿಂತು ಕರೀತಿದ್ಲು. ಹ್ಯಾಂಗ ಒಲ್ಲೆ ಅನ್ಲಿ?” ಎನ್ನುವಾಗ ಅವಳ ಕಣ್ಣು ತುಂಬಿದ್ದವು. ನನ್ನವೂ ತುಂಬಿದ್ದವು, ಅದನ್ನು ಮುಚ್ಚಿಡುವುದೇಕೆ?

ನಾಗರಪಂಚಮಿಯ ಹೊತ್ತಿಗೆ ಕರಿಕೆ ಚಿಗುರಿತು. ದಸರೆಗೆ ಅಂಗಳ ಪೂರ್ತಿ ಹಸಿರು. ಮಳೆ ಬಿದ್ದರೆ ನೀರು ಒಳಗಿಳಿಯುತ್ತದೆ. ಬಿಸಿಲಿಗೆ ಕೂದಲೆಳೆಯಂಥ ಬಿರುಕು ಕಂಡರೂ ಹುಲ್ಲಿನ ಬೇರು ಅದನ್ನು ಹೊಲಿದು ಹಿಡಿದಿರುತ್ತದೆ. ಬಾವಿ ತೋಡುತ್ತೀರಾ ಎಂದು ಕೇಳಿದ್ದ ಹಿರಿಯರು ಈಗ ಸಂಜೆಗೆ ಬಂದು ಬರಿಗಾಲಲ್ಲಿ ನಾಲ್ಕು ಸುತ್ತು ಹಾಕಿ, ಆಕಳು ಕಟ್ಟದ ನನ್ನ ಮೂರ್ಖತನವನ್ನು ವಿಷಾದಿಸಿ ಹೋಗುತ್ತಾರೆ. ಕಸ್ತೂರಿ ಬೆಳಗ್ಗೆ, ಸಂಜೆ ನಡೆಯುತ್ತಾಳೆ. ಆದರೆ ಗೇಟಿನವರೆಗೆ ಮಾತ್ರ. ಮುಂದಿನ ರಸ್ತೆಯ ಕಡೆ ನೋಡುವುದೂ ಇಲ್ಲ. ನನಗೂ ಅದು ಸರಿಯೆನಿಸಿತ್ತು. ಬೇಕಾದ ನೆಲ ಮನೆಯೊಳಗೇ ಇರುವಾಗ ಆ ದರಿದ್ರ ರಸ್ತೆ ಯಾರಿಗೆ ಬೇಕು? ಅವಳು ನಡೆಯುವಾಗಲೆಲ್ಲ ನಾನು ಪಕ್ಕದಲ್ಲಿದ್ದು ಮೊಳಕೈ ಹಿಡಿದಿರುತ್ತಿದ್ದೆ, ಬಿಗಿಯಾಗಿ.

ದಸರೆ ಕಳೆದು ಕೆಲವು ದಿನಗಳ ಮೇಲೆ ಬೌರವ್ವ ಎರಡು ದಿನ ಬರಲಿಲ್ಲ. ಜ್ವರವೆಂದು ಯಾರೋ ಹೇಳಿದರು. ಮೂರನೆಯ ಬೆಳಗ್ಗೆ ಕಸ್ತೂರಿ ತಾನೇ ಒಲೆಯ ಮುಂದೆ ನಿಂತು ಎರಡು ರೊಟ್ಟಿ ಬಡಿದಳು. ಅಂಚು ಹರಿದಿದ್ದವು. ಅವನ್ನು ಅರಿವೆಯಲ್ಲಿ ಕಟ್ಟಿಕೊಂಡು ಹುಲ್ಲಿನ ಮೇಲೆ ಇಳಿದಳು, ಎಂದಿನಂತೆ ನಾನು ಮೊಳಕೈ ಹಿಡಿದೆ. ಅರ್ಧ ಅಂಗಳಕ್ಕೆ ನಿಂತು, “ಕೈ ಬಿಡ್ರಿ,” ಎಂದಳು.

“ಯಾಕ?”

“ಭಾಳ ಬಿಗಿ ಹಿಡೀತೀರಿ. ಕಾಲು ನೆಲಾ ನೋಡೂದ ಬಿಟ್ಟು ನಿಮ್ಮ ಕೈ ಕಡೆ ನೋಡ್ತೈತಿ.”

ಬಿಟ್ಟೆ. ಬಿಡಲು ನನಗೆ ಎಷ್ಟು ಕಷ್ಟವಾಯಿತೆಂದರೆ ಬೆರಳುಗಳನ್ನು ಒಂದೊಂದಾಗಿ ತೆಗೆಯಬೇಕಾಯಿತು. ಅವಳು ನಾಲ್ಕು ಹೆಜ್ಜೆ ನಡೆದು, ಗೇಟಿನ ಚಿಲಕ ತೆಗೆದಳು. “ಎಲ್ಲಿಗಿ?” ಎಂದೆ.

“ಬೌರವ್ವನ ಮನಿಗಿ. ಎರಡ ಓಣಿ ಆಚಿಗಿ ಐತಲ್ಲ, ನೋಡಿ ಬರ್ತೇನಿ. ನೀವು ಬರಬ್ಯಾಡ್ರಿ.”

ಅವಳು ಬಿದ್ದಿದ್ದ ಜಾಗ ಗೇಟಿನಿಂದ ಇಪ್ಪತ್ತು ಮಾರು ದೂರ. ಅಲ್ಲಿಗೆ ಬಂದಾಗ ನಿಂತಳು. ಬರಿಗಾಲಿನ ಹಿಮ್ಮಡಿಯನ್ನು ಗಾಲಿಜಾಡಿನ ಅಂಚಿಗೆ ಒತ್ತಿ ನೋಡಿ, ಸ್ವಲ್ಪ ಬಲಕ್ಕೆ ಸರಿದು ಮುಂದೆ ಹೋದಳು. ತಿರುವಿನಲ್ಲಿ ಅವಳು ಮರೆಯಾಗುವವರೆಗೂ ನೋಡಿದೆ. ಅವಳು ಆ ರಸ್ತೆಗೆ ಕಾಲಿಡದ ಹಾಗೆ ಇರಲಿ ಎಂದು ಇಷ್ಟೆಲ್ಲ ಪಾಡುಪಟ್ಟು ಮಾಡಿದ ಹುಲ್ಲಿನ ಮೇಲೆ ಈಗ ನಾನೊಬ್ಬನೇ ಉಳಿದಿದ್ದೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ಒಬ್ಬನೇ ನಿಂತದ್ದಿಲ್ಲ.